ಯಂತ್ರ ಹಳೆಯದಾದಾಗ: ಮನೆ, ಅಂಗಡಿ, ಮುದ್ರಣಾಲಯಗಳ ಕಂಪ್ಯೂಟರಿಗೆ ಆಪರೇಟಿಂಗ್ ಸಿಸ್ಟಮ್ ಆರಿಸುವ ಬಗೆ

(ಧಾರವಾಡದಲ್ಲಿ ಶಿಕ್ಷಕರು, ಮುದ್ರಕರು ಮತ್ತು ವರ್ತಕರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)

ಸಭೆಯಲ್ಲಿರುವ ಹಿರಿಯರೆ, ಶಿಕ್ಷಕ ಬಂಧುಗಳೆ, ಗದಗ-ಬೆಟಗೇರಿಯಿಂದಲೂ ಬ್ಯಾಡಗಿಯಿಂದಲೂ ಬಂದಿರುವ ಮುದ್ರಕ ಮತ್ತು ವರ್ತಕ ಮಿತ್ರರೆ,

ಹುಬ್ಬಳ್ಳಿಯ ಕೊಪ್ಪಿಕರ್ ರಸ್ತೆಯ ಕಡೆಗೆ ಕಂಪ್ಯೂಟರ್ ರಿಪೇರಿಗೆಂದು ಹೋದವರು ಇತ್ತೀಚೆಗೆ ಕೇಳುತ್ತಿರುವ ಪ್ರಶ್ನೆ ಬಹುಮಟ್ಟಿಗೆ ಒಂದೇ ಆಗಿದೆ: “ಸರ, ಮಷಿನ್ ಚಲೋ ನಡದೈತಿ, ಆದ್ರ ವಿಂಡೋಸ್ ಹತ್ತು ಮುಗೀತು ಅಂತಾರ. ಇದನ್ನ ಒಗದು ಹೊಸಾದು ತಗೋಬೇಕೇನ್ರಿ?” ಈ ಪ್ರಶ್ನೆಗೆ ಒಂದೇ ಮಾತಿನ ಉತ್ತರ ಕೊಡುವವರು ಬಹಳ ಮಂದಿ ಇದ್ದಾರೆ. ಮಾರುವವರು ಹೊಸದು ಕೊಳ್ಳಿ ಎನ್ನುತ್ತಾರೆ, ವಿಂಡೋಸಿನಂತೆಯೇ ಕಂಪ್ಯೂಟರನ್ನು ನಡೆಸುವ, ಆದರೆ ಉಚಿತವಾಗಿ ಸಿಗುವ ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮಿನ ಅಭಿಮಾನಿಗಳು ಅದನ್ನೇ ಹಾಕಿ ಎನ್ನುತ್ತಾರೆ, ಏನೂ ಮಾಡದಿದ್ದರೂ ನಡೆಯುತ್ತದೆ ಎನ್ನುವವರೂ ಇದ್ದಾರೆ. ಈ ಮೂರು ಉತ್ತರಗಳಲ್ಲಿ ಯಾವುದೂ ಆ ಯಂತ್ರದಲ್ಲಿ ನಡೆಯುವ ಕೆಲಸ ಏನೆಂದು ಕೇಳುವುದಿಲ್ಲ. ಆಯ್ಕೆ ಅಲ್ಲಿಂದಲೇ ಆರಂಭವಾಗಬೇಕು ಎಂಬುದು ನನ್ನ ಅಭಿಪ್ರಾಯ. ಅದಕ್ಕಿಂತಲೂ ಮುಂದೆ ಹೋಗಿ ಹೇಳುವುದಾದರೆ, ನಮ್ಮ ಕೆಲಸವನ್ನು ನಾವು ಯಾವ ರೂಪದ ಕಡತಗಳಲ್ಲಿ ಉಳಿಸಿಟ್ಟಿದ್ದೇವೆ ಎಂಬುದೇ ನಮಗೆ ಆಯ್ಕೆ ಮಾಡುವ ಸ್ವಾತಂತ್ರ್ಯ ಎಷ್ಟಿದೆ ಎಂಬುದನ್ನು ತೀರ್ಮಾನಿಸುತ್ತದೆ.

ಮೊದಲು ಆಗಿರುವುದೇನೆಂದು ನೋಡೋಣ. 2015ರ ಜುಲೈ 29ರಂದು ಬಿಡುಗಡೆಯಾದ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ಕ್ಕೆ ಕೊನೆಗೊಂಡಿತು. ಅಂದಮಾತ್ರಕ್ಕೆ ಮರುದಿನ ಯಾರ ಯಂತ್ರವೂ ನಿಲ್ಲಲಿಲ್ಲ, ನಿಲ್ಲುವುದೂ ಇಲ್ಲ. ನಿಂತಿರುವುದು ಪ್ರತಿ ತಿಂಗಳು ಬರುತ್ತಿದ್ದ ಭದ್ರತಾ ತಿದ್ದುಪಡಿಗಳು ಮಾತ್ರ. ಇದರ ಪರಿಣಾಮ ಕಣ್ಣಿಗೆ ಕಾಣುವಂಥದ್ದಲ್ಲವಾದ್ದರಿಂದ ಜನ ಅದನ್ನು ಹಗುರವಾಗಿ ತೆಗೆದುಕೊಳ್ಳುತ್ತಾರೆ. ವಿಂಡೋಸ್ 10 ಮತ್ತು 11ರ ಒಳಗಿನ ಬಹುಭಾಗ ಒಂದೇ ಆಗಿರುವುದರಿಂದ, 11ರಲ್ಲಿ ಒಂದು ದೋಷವನ್ನು ಸರಿಪಡಿಸಿ ತಿದ್ದುಪಡಿ ಹೊರಬಂದಾಗ, ಆ ತಿದ್ದುಪಡಿಯನ್ನೇ ಬಿಡಿಸಿ ನೋಡಿ ಅದೇ ದೋಷ 10ರಲ್ಲಿ ಎಲ್ಲಿದೆ ಎಂದು ಹುಡುಕುವುದು ದುರುದ್ದೇಶ ಉಳ್ಳವರಿಗೆ ಸುಲಭವಾಗುತ್ತದೆ. 2017ರ ಮೇ ತಿಂಗಳಲ್ಲಿ ವನ್ನಾಕ್ರೈ ಎಂಬ ಕುತಂತ್ರಾಂಶ ಹಲವಾರು ದೇಶಗಳ ಕಂಪ್ಯೂಟರುಗಳಿಗೆ ನುಗ್ಗಿ, ಕಡತಗಳಿಗೆ ಬೀಗ ಹಾಕಿ ಹಣ ಕೇಳಿತು. ಬ್ರಿಟನ್ನಿನ ಸರಕಾರಿ ಆಸ್ಪತ್ರೆಗಳ ಕೆಲಸವೂ ಅಸ್ತವ್ಯಸ್ತವಾಯಿತು. ಅದು ಬಳಸಿಕೊಂಡ ದೋಷಕ್ಕೆ ತಿದ್ದುಪಡಿ ಅದಕ್ಕೆ ಎರಡು ತಿಂಗಳ ಮುಂಚೆಯೇ, ಅಂದರೆ ಮಾರ್ಚ್‌ನಲ್ಲಿಯೇ, ಬಂದಿತ್ತು. ತಿದ್ದುಪಡಿ ಹಾಕಿಕೊಳ್ಳದವರು ಮತ್ತು ತಿದ್ದುಪಡಿಯೇ ಸಿಗದಷ್ಟು ಹಳೆಯ ಆವೃತ್ತಿಗಳಲ್ಲಿ ಉಳಿದವರು ಪೆಟ್ಟು ತಿಂದರು.

ಹಾಗಾದರೆ ವಿಂಡೋಸ್ 11ಕ್ಕೆ ಏರಬಹುದಲ್ಲವೇ ಎಂದರೆ, 2021ರ ಅಕ್ಟೋಬರ್‌ನಲ್ಲಿ ಬಂದ ಆ ಆವೃತ್ತಿ ಕೇಳುವ ಯಂತ್ರಾಂಶ ಬೇರೆಯದೇ ಆಗಿದೆ. 4 ಜಿಬಿ ರ‍್ಯಾಮ್ ಮತ್ತು 64 ಜಿಬಿ ಸ್ಥಳ ದೊಡ್ಡ ಮಾತಲ್ಲ. ಆದರೆ ಟಿಪಿಎಂ 2.0 ಎಂಬ ಭದ್ರತಾ ಘಟಕ ಇರಬೇಕು, ಚಾಲೂ ಆಗುವಾಗ ನಂಬಿಗಸ್ತ ತಂತ್ರಾಂಶವನ್ನಷ್ಟೇ ಒಳಬಿಡುವ ಸೆಕ್ಯೂರ್ ಬೂಟ್ ಸಾಧ್ಯವಿರಬೇಕು, ಇಂಟೆಲ್ ಪ್ರೊಸೆಸರ್ ಸಾಮಾನ್ಯವಾಗಿ ಎಂಟನೆಯ ಪೀಳಿಗೆಯದ್ದೋ ಅನಂತರದ್ದೋ ಆಗಿರಬೇಕು. 2016ರಲ್ಲಿ ಕೊಂಡ, ಇಂದಿಗೂ ಗಟ್ಟಿಮುಟ್ಟಾಗಿರುವ ಆರನೆಯ ಪೀಳಿಗೆಯ ಐ-ಫೈವ್ ಯಂತ್ರ ಈ ಗೆರೆಯ ಹೊರಗೆ ಉಳಿಯುತ್ತದೆ. ಈ ತಪಾಸಣೆಯನ್ನು ತಪ್ಪಿಸಿ 11ನ್ನು ಹಾಕುವ ಉಪಾಯಗಳು ಇವೆ, ಅಂಗಡಿಗಳಲ್ಲಿ ಹಾಕಿಯೂ ಕೊಡುತ್ತಾರೆ. ಆದರೆ ಅಂಥ ಯಂತ್ರಗಳಿಗೆ ಮುಂದಿನ ತಿದ್ದುಪಡಿಗಳು ಬಂದೇ ಬರುತ್ತವೆ ಎಂಬ ಭರವಸೆಯನ್ನು ಮೈಕ್ರೋಸಾಫ್ಟ್ ಕೊಟ್ಟಿಲ್ಲ. ಮನೆಬಳಕೆಯವರಿಗೆಂದು ವಿಂಡೋಸ್ 10ರ ಭದ್ರತಾ ತಿದ್ದುಪಡಿಗಳನ್ನು 2026ರ ಅಕ್ಟೋಬರ್ 13ರವರೆಗೆ ವಿಸ್ತರಿಸುವ ಯೋಜನೆಯೊಂದನ್ನು ಅದು ತಂದಿತು. ಅದನ್ನು ಯೋಚಿಸಲು ಸಿಕ್ಕ ಅವಕಾಶವೆಂದು ತಿಳಿಯಬೇಕೇ ಹೊರತು ಪರಿಹಾರವೆಂದು ತಿಳಿಯಬಾರದು.

ಇನ್ನೊಂದು ಮಾತನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ನಮ್ಮ ಕಡೆ ವಿಂಡೋಸ್ ಹಾಕಿಸುವುದು ಎಂದರೆ ಎಷ್ಟೋ ಸಲ ಲೈಸೆನ್ಸ್ ಇಲ್ಲದ ಪ್ರತಿಯನ್ನು ಕ್ರ್ಯಾಕ್ ಮಾಡಿಸಿ ಹಾಕಿಸುವುದು ಎಂದೇ ರೂಢಿಯಾಗಿದೆ. ಕಾನೂನಿನ ವಿಷಯ ಬದಿಗಿರಲಿ. ಕ್ರ್ಯಾಕ್ ತಂತ್ರಾಂಶವನ್ನು ಓಡಿಸುವ ಮೊದಲು ಆ್ಯಂಟಿವೈರಸ್ ಬಂದ್ ಮಾಡಿ ಎಂದು ಅದರ ಸೂಚನೆಯಲ್ಲಿಯೇ ಬರೆದಿರುತ್ತದೆ. ಯಾರು ಮಾಡಿದ್ದೆಂದು ಗೊತ್ತಿಲ್ಲದ ಒಂದು ಪ್ರೋಗ್ರಾಮಿಗೆ, ಕಾವಲುಗಾರನನ್ನು ನಾವೇ ಕಳುಹಿಸಿಕೊಟ್ಟು, ಯಂತ್ರದ ಪೂರ್ಣ ಅಧಿಕಾರವನ್ನು ಒಪ್ಪಿಸುತ್ತೇವೆ. ಅದೇ ಯಂತ್ರದಲ್ಲಿ ಮರುದಿನ ಬ್ಯಾಂಕಿನ ಪಾಸ್‌ವರ್ಡ್ ಒತ್ತುತ್ತೇವೆ. ವಿಂಡೋಸ್ ಬೇಕೆನ್ನುವವರು ಲೈಸೆನ್ಸ್ ಇರುವ ವಿಂಡೋಸನ್ನೇ ಬಳಸಬೇಕು. ಅದರ ಹಣ ಭಾರವೆನಿಸಿದರೆ ಹಣ ಕೇಳದ ವ್ಯವಸ್ಥೆಗಳು ಇವೆ.

ಈಗ ಕೆಲಸದ ವಿಷಯಕ್ಕೆ ಬರೋಣ.

ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯ ದಲಾಲಿ ಅಂಗಡಿಯೊಂದನ್ನು ಎಣಿಸಿಕೊಳ್ಳಿ. ಅಲ್ಲಿಯ ಕಂಪ್ಯೂಟರಿನ ಮುಖ್ಯ ಕೆಲಸ ಟ್ಯಾಲಿ. ಜಿಎಸ್‌ಟಿ ಲೆಕ್ಕ, ರೈತರ ಪಟ್ಟಿ, ಖರೀದಿದಾರರ ಬಾಕಿ ಎಲ್ಲವೂ ಅದರಲ್ಲಿವೆ. ಟ್ಯಾಲಿ ವಿಂಡೋಸಿಗಾಗಿ ಬರೆದ ತಂತ್ರಾಂಶ, ಅದಕ್ಕೆ ನೇರವಾದ ಲಿನಕ್ಸ್ ಆವೃತ್ತಿಯಿಲ್ಲ. ವೈನ್ ಎಂಬ ಮಧ್ಯಸ್ಥ ತಂತ್ರಾಂಶದ ಮೂಲಕ ವಿಂಡೋಸಿನ ಹಲವು ಪ್ರೋಗ್ರಾಮುಗಳನ್ನು ಲಿನಕ್ಸಿನಲ್ಲಿ ನಡೆಸಬಹುದೆಂಬುದು ನಿಜ. ಆದರೆ ಸುಗ್ಗಿಯ ದಿನ, ನೂರಾರು ಚೀಲಗಳ ತೂಕ ಮುಗಿದು ರೈತರು ಪಟ್ಟಿಗಾಗಿ ಕಾದು ನಿಂತಿರುವಾಗ, ತಯಾರಕರೇ ಬೆಂಬಲಿಸದ ಜೋಡಣೆಯ ಮೇಲೆ ಅಂಗಡಿಯ ಲೆಕ್ಕವನ್ನು ನಿಲ್ಲಿಸುವುದು ವಿವೇಕವಲ್ಲ. ಇಂಥ ಅಂಗಡಿಯವರು ವಿಂಡೋಸ್ 11 ನಡೆಯುವ ಯಂತ್ರವನ್ನು ಕೊಳ್ಳುವುದೇ ಸರಿ. ಹೊಸದೇ ಆಗಬೇಕೆಂದಿಲ್ಲ, ಎಂಟನೆಯ ಪೀಳಿಗೆಯ ಮೇಲಿನ, ಕಚೇರಿಗಳಿಂದ ಮರುಮಾರಾಟಕ್ಕೆ ಬಂದ ಯಂತ್ರವೂ ಆದೀತು. ಲಿನಕ್ಸನ್ನು ಮೆಚ್ಚುವವನಾಗಿಯೂ ನಾನು ಇದನ್ನು ಸಂಕೋಚವಿಲ್ಲದೆ ಹೇಳುತ್ತೇನೆ.

ಧಾರವಾಡದ ಸಪ್ತಾಪುರದಲ್ಲಿ ಕೋಣೆ ಹಿಡಿದು ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುತ್ತಿರುವ ವಿದ್ಯಾರ್ಥಿಯ ಸಂಗತಿ ಇದಕ್ಕೆ ತೀರ ಭಿನ್ನ. ಅಣ್ಣನೋ ಮಾವನೋ ಬಳಸಿ ಕೊಟ್ಟ ಲ್ಯಾಪ್‌ಟಾಪಿನಲ್ಲಿ ಅವನು ಮಾಡುವುದು ಪಿಡಿಎಫ್ ಓದುವುದು, ಪಾಠದ ವಿಡಿಯೊ ನೋಡುವುದು, ಟಿಪ್ಪಣಿ ಬರೆಯುವುದು, ಅರ್ಜಿ ತುಂಬುವುದು. ಇವೆಲ್ಲ ಬ್ರೌಸರಿನಲ್ಲಿಯೂ ಉಚಿತ ಕಚೇರಿ ತಂತ್ರಾಂಶವಾದ ಲಿಬ್ರೆ ಆಫೀಸಿನಲ್ಲಿಯೂ ಮುಗಿಯುವ ಕೆಲಸಗಳು. ಫೈರ್‌ಫಾಕ್ಸ್ ಮತ್ತು ಕ್ರೋಮ್ ಎರಡೂ ಲಿನಕ್ಸಿನಲ್ಲಿ ಇವೆ. ಅವನಿಗೆ ಲಿನಕ್ಸ್ ಹಾಕಿಕೊಡುವುದರಿಂದ ಹಣ ಉಳಿಯುತ್ತದೆ, ಭದ್ರತಾ ತಿದ್ದುಪಡಿ ಸಿಗುತ್ತದೆ, ಯಂತ್ರ ಇನ್ನೂ ಕೆಲವು ವರ್ಷ ಬಾಳುತ್ತದೆ.

ನಾನು ಹೆಚ್ಚು ಹೊತ್ತು ಮಾತಾಡಬೇಕೆಂದಿರುವುದು ಮೂರನೆಯ ಸಂಗತಿಯ ಬಗ್ಗೆ. ಗದಗ-ಬೆಟಗೇರಿ ನೇಕಾರಿಕೆಗೆ ಹೇಗೋ ಮುದ್ರಣಕ್ಕೂ ಹಾಗೆಯೇ ಹೆಸರಾದ ಊರು. ಲಗ್ನಪತ್ರಿಕೆ, ಜಾತ್ರೆಯ ಕರಪತ್ರ, ಮಠಗಳ ಗ್ರಂಥಗಳು, ಶಾಲೆಯ ಪುಸ್ತಕಗಳು ಅಲ್ಲಿ ತಯಾರಾಗಿ ಎಲ್ಲೆಡೆ ಹೋಗುತ್ತವೆ. ಅಲ್ಲಿಯ, ಹಾಗೆಯೇ ಹುಬ್ಬಳ್ಳಿ-ಹಾವೇರಿಗಳ ಡಿಟಿಪಿ ಕೋಣೆಗಳಿಗೆ ಹೋದರೆ ಪುಟ ಜೋಡಿಸುವ ಹಳೆಯ ತಂತ್ರಾಂಶವಾದ ಪೇಜ್‌ಮೇಕರ್ ಇಂದಿಗೂ ಕಾಣಸಿಗುತ್ತದೆ. ಪೇಜ್‌ಮೇಕರಿನ ಕೊನೆಯ ಮುಖ್ಯ ಆವೃತ್ತಿಯಾದ 7.0 ಹೊರಬಂದದ್ದು 2001ರಲ್ಲಿ. ಎಲ್ಲ ಭಾಷೆಗಳ ಅಕ್ಷರಗಳಿಗೂ ಬೇರೆ ಬೇರೆ ಸಂಖ್ಯೆ ಗೊತ್ತುಪಡಿಸುವ ಯೂನಿಕೋಡ್ ಎಂಬ ಜಾಗತಿಕ ವ್ಯವಸ್ಥೆ ಅದಕ್ಕೆ ತಿಳಿಯದು. ಹೀಗಾಗಿ ಅದರಲ್ಲಿ ಕನ್ನಡ ಕೂರಿಸಲು ನುಡಿ, ಬರಹ, ಶ್ರೀಲಿಪಿ ಮೊದಲಾದ ಕನ್ನಡ ತಂತ್ರಾಂಶಗಳ ಹಳೆಯ ಬಗೆಯ ಫಾಂಟುಗಳನ್ನು ಬಳಸಲಾಯಿತು. ಆ ಕಾಲಕ್ಕೆ ಅದು ದೊಡ್ಡ ಉಪಕಾರವೇ ಆಗಿತ್ತು, ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸ ಮತ್ತು ಕನ್ನಡ ಗಣಕ ಪರಿಷತ್ತಿನ ನುಡಿ ಇಲ್ಲದಿದ್ದರೆ ನಮ್ಮ ಕಚೇರಿಗಳಲ್ಲಿ ಕಂಪ್ಯೂಟರಿನ ಕನ್ನಡ ಅಷ್ಟು ಬೇಗ ನೆಲೆಯೂರುತ್ತಿರಲಿಲ್ಲ.

ಆದರೆ ಆ ಫಾಂಟುಗಳು ಕೆಲಸ ಮಾಡುವ ರೀತಿಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಹಳೆಯ ನುಡಿ ಫಾಂಟಿನಲ್ಲಿ ‘ಕನ್ನಡ’ ಎಂದು ಹೊಡೆದು ಉಳಿಸಿದ ಕಡತವನ್ನು ಆ ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ, ಆ ಪದದ ಜಾಗದಲ್ಲಿ ಮೊದಲು ಇಂಗ್ಲಿಷಿನ ‘ಪಿ’ ಅಕ್ಷರ, ಅದರ ಪಕ್ಕದಲ್ಲಿ ತಲೆಯ ಮೇಲೆ ಓರೆಗೆರೆ ಹೊತ್ತ ‘ಎ’, ಆಮೇಲೆ ಪೌಂಡ್ ಹಣದ ಚಿಹ್ನೆ, ಮತ್ತೆ ಓರೆಗೆರೆಯ ‘ಎ’, ಹೀಗೆ ಸಾಲಾಗಿ ಕಾಣುತ್ತವೆ. ಕಡತದೊಳಗೆ ಇರುವುದು ಅದೇ. ಕಂಪ್ಯೂಟರಿನ ಪಾಲಿಗೆ ಅಲ್ಲಿ ಕನ್ನಡ ಎಂದೂ ಇರಲಿಲ್ಲ. ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ಚೂರುಗಳ ಚಿತ್ರಗಳನ್ನು ಕೂರಿಸಿ ನಮ್ಮ ಕಣ್ಣಿಗೆ ಕನ್ನಡವನ್ನು ತೋರಿಸಲಾಗುತ್ತಿತ್ತು. ನುಡಿಯ ಸ್ಥಾನಪಟ್ಟಿ ಒಂದು, ಶ್ರೀಲಿಪಿಯದ್ದು ಇನ್ನೊಂದು. ಹುಡುಕಿದರೆ ಸಿಗದು, ಅಕಾರಾದಿಯಾಗಿ ಜೋಡಿಸಲಾಗದು, ಇನ್ನೊಂದು ವ್ಯವಸ್ಥೆಗೆ ಒಯ್ದರೆ ಓದಲಾಗದು. ಯೂನಿಕೋಡಿನಲ್ಲಾದರೆ 1991ರ ಮೊದಲ ಆವೃತ್ತಿಯಿಂದಲೇ ಕನ್ನಡದ ಪ್ರತಿ ಅಕ್ಷರಕ್ಕೂ ತನ್ನದೇ ಆದ ಸಂಖ್ಯೆಯಿದೆ. ವಿಂಡೋಸ್ ಎಕ್ಸ್‌ಪಿಯಲ್ಲಿ ತುಂಗಾ ಫಾಂಟಿನೊಂದಿಗೆ ಅದು ಸಾಮಾನ್ಯ ಬಳಕೆದಾರರ ಕೈಗೆ ಬಂತು. ಯೂನಿಕೋಡಿನಲ್ಲಿ ಬರೆದ ಪುಟ ವಿಂಡೋಸ್, ಲಿನಕ್ಸ್, ಮ್ಯಾಕ್, ಮೊಬೈಲ್ ಎಲ್ಲದರಲ್ಲಿಯೂ ಕನ್ನಡವಾಗಿಯೇ ಉಳಿಯುತ್ತದೆ.

ಆದ್ದರಿಂದ ಮುದ್ರಣಾಲಯದ ಮಾಲೀಕರು “ನಮಗೆ ಯಾವ ಆಪರೇಟಿಂಗ್ ಸಿಸ್ಟಮ್ ಒಳ್ಳೆಯದು?” ಎಂದು ಕೇಳಿದರೆ, ನಿಮ್ಮ ಇಪ್ಪತ್ತು ವರ್ಷಗಳ ಕಡತಗಳು ಯಾವ ಫಾಂಟಿನಲ್ಲಿವೆ ಎಂದು ನಾನು ಮರುಪ್ರಶ್ನೆ ಹಾಕುತ್ತೇನೆ. ಅವು ಹಳೆಯ ಫಾಂಟಿನಲ್ಲಿಯೇ ಇರುವವರೆಗೆ ಅವರು ಬಿಡಲಾರದ್ದು ಪೇಜ್‌ಮೇಕರನ್ನು. ಅದನ್ನು ನಡೆಸಲೆಂದೇ ವಿಂಡೋಸ್ ಬೇಕಾಗಿರುವುದು. ನನ್ನ ಸಲಹೆ ಹೀಗಿದೆ. ಪೇಜ್‌ಮೇಕರ್ ಇರುವ ಯಂತ್ರವನ್ನು ಹಾಗೆಯೇ ಇಟ್ಟುಕೊಳ್ಳಿ, ಆದರೆ ಅದರ ಇಂಟರ್‌ನೆಟ್ ಸಂಪರ್ಕವನ್ನು ಪೂರ್ತಿಯಾಗಿ ಕಿತ್ತುಬಿಡಿ. ಗಿರಾಕಿಗಳ ಪೆನ್‌ಡ್ರೈವನ್ನು ಮೊದಲು ಇನ್ನೊಂದು ಯಂತ್ರದಲ್ಲಿ ತಪಾಸಿಸಿದ ಮೇಲೆಯೇ ಇದಕ್ಕೆ ಹಾಕಿ. ಹೊಸ ಕೆಲಸಗಳನ್ನು ಯೂನಿಕೋಡಿನಲ್ಲಿ ಆರಂಭಿಸಿ. ಇನ್‌ಡಿಸೈನ್ ಎಂಬ ಪುಟ ಜೋಡಣೆಯ ತಂತ್ರಾಂಶವನ್ನು ಕೊಳ್ಳಬಲ್ಲವರು ಅದರಲ್ಲಿ ಮಾಡಬಹುದು. ಕೊಳ್ಳಲಾರದವರಿಗೆ ಸ್ಕ್ರೈಬಸ್ ಎಂಬ ಮುಕ್ತ ತಂತ್ರಾಂಶವಿದೆ. ಬಹುಕಾಲ ಅದರಲ್ಲಿ ಕನ್ನಡದ ಒತ್ತಕ್ಷರಗಳು ಸರಿಯಾಗಿ ಕೂರುತ್ತಿರಲಿಲ್ಲ, 2024ರ ಜನವರಿಯಲ್ಲಿ ಬಂದ 1.6 ಆವೃತ್ತಿಯಿಂದ ಭಾರತೀಯ ಲಿಪಿಗಳ ಜೋಡಣೆ ಅದರ ಸ್ಥಿರ ಆವೃತ್ತಿಯಲ್ಲಿಯೇ ಸಿಗುತ್ತಿದೆ. ಹಳೆಯ ಪಠ್ಯವನ್ನು ಯೂನಿಕೋಡಿಗೆ ಬದಲಿಸುವ ಪರಿವರ್ತಕಗಳು ಉಚಿತವಾಗಿ ದೊರೆಯುತ್ತವೆ, ಆದರೆ ಅರ್ಕಾವತ್ತು ಇರುವ ಪದಗಳನ್ನೂ ಸಾಲಿನ ನಡುವೆ ಬಂದ ಇಂಗ್ಲಿಷ್ ಪದಗಳನ್ನೂ ಪರಿವರ್ತನೆಯ ನಂತರ ಕಣ್ಣಿಟ್ಟು ನೋಡಲೇಬೇಕು. ಕರಡು ತಿದ್ದುವವರ ಕೆಲಸ ಇದರಿಂದ ತಪ್ಪುವುದಿಲ್ಲ. ಮತ್ತೆ ಮತ್ತೆ ಮುದ್ರಣಕ್ಕೆ ಬರುವ ಪುಸ್ತಕಗಳನ್ನು ಮೊದಲು ಬದಲಿಸಿದರೆ ಸಾಕು. ಒಮ್ಮೆ ಅಚ್ಚಾಗಿ ಮುಗಿದುಹೋದ ಲಗ್ನಪತ್ರಿಕೆಗೆ ಯಾರೂ ತಿರುಗಿ ಬರುವುದಿಲ್ಲ.

ಇನ್ನು ಲಿನಕ್ಸ್ ಹಾಕಿಕೊಳ್ಳುವವರ ವಿಷಯ. ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ವಿದ್ಯಾರ್ಥಿಯಾಗಿದ್ದ ಲೀನಸ್ ಟೊರ್ವಾಲ್ಡ್ಸ್ 1991ರಲ್ಲಿ ಆರಂಭಿಸಿದ, ವ್ಯವಸ್ಥೆಯ ತಿರುಳಾದ ಕರ್ನೆಲ್‌ಗೆ, ರಿಚರ್ಡ್ ಸ್ಟಾಲ್‌ಮನ್ 1983ರಲ್ಲಿ ಸಾರಿದ ಗ್ನೂ ಯೋಜನೆಯ ಸಲಕರಣೆಗಳು ಸೇರಿ ಬೆಳೆದ ವ್ಯವಸ್ಥೆ ಅದು. ಅದನ್ನು ಹಲವು ಬಗೆಗಳಲ್ಲಿ ಜೋಡಿಸಿ ಕೊಡುವವರಿದ್ದಾರೆ, ಅವನ್ನು ಡಿಸ್ಟ್ರೊ ಎನ್ನುತ್ತೇವೆ. ಹೆಸರುಗಳ ಸಂತೆಯಲ್ಲಿ ಹೊಸಬರು ಗಾಬರಿಯಾಗುವುದು ಸಹಜ. ವಿಂಡೋಸಿನಿಂದ ಬರುವವರಿಗೆ ನಾನು ಹೇಳುವುದು ಲಿನಕ್ಸ್ ಮಿಂಟ್ ಒಂದನ್ನೇ. ಕೆಳಗೆ ಪಟ್ಟಿ, ಎಡಮೂಲೆಯಲ್ಲಿ ಮೆನು, ಬಲಮೂಲೆಯಲ್ಲಿ ಗಡಿಯಾರ ಇರುವ ಅದರ ತೆರೆ ಅವರಿಗೆ ಅಪರಿಚಿತ ಎನಿಸುವುದಿಲ್ಲ. ಉಬುಂಟು ಎಂಬ ಇನ್ನೊಂದು ಡಿಸ್ಟ್ರೊದ 24.04 ಆವೃತ್ತಿಯನ್ನು ಆಧರಿಸಿ 2024ರಲ್ಲಿ ಬಂದ ಮಿಂಟ್ 22ರ ಸರಣಿಗೆ 2029ರವರೆಗೆ ತಿದ್ದುಪಡಿಗಳು ಸಿಗುತ್ತವೆ. 4 ಜಿಬಿ ರ‍್ಯಾಮ್ ಇರುವ ಯಂತ್ರವಾದರೆ ಅದರ ಎಕ್ಸ್‌ಎಫ್‌ಸಿಇ ಆವೃತ್ತಿ ಹಗುರ. ತೀರ ಹಳೆಯ, 32 ಬಿಟ್ ಪ್ರೊಸೆಸರಿನ ಯಂತ್ರಗಳ ಕಾಲ ಮಾತ್ರ ಮುಗಿಯುತ್ತ ಬಂದಿದೆ. 2025ರ ಆಗಸ್ಟಿನಲ್ಲಿ ಬಂದ, ಡೆಬಿಯನ್ ಎಂಬ ಡಿಸ್ಟ್ರೊದ 13ನೆಯ ಆವೃತ್ತಿ ಕೂಡ ಅವುಗಳಿಗೆ ಇನ್‌ಸ್ಟಾಲರ್ ಕೊಡುವುದನ್ನು ನಿಲ್ಲಿಸಿದೆ. ನಮ್ಮ ದೇಶದ್ದೇ ಆದ ಬಾಸ್ ಲಿನಕ್ಸನ್ನು ಕೇಂದ್ರ ಸರಕಾರದ ಸಂಶೋಧನಾ ಸಂಸ್ಥೆ ಸಿ-ಡ್ಯಾಕ್ 2007ರಲ್ಲಿ ಹೊರತಂದಿತು.

ಲಿನಕ್ಸಿನಲ್ಲಿ ಕನ್ನಡ ಬರೆಯಲು ಬರುವುದಿಲ್ಲ ಎಂಬ ಮಾತು ಶಿಕ್ಷಕರಿಂದಲೇ ಹೆಚ್ಚು ಕೇಳಿಬರುತ್ತದೆ. ಹಿಂದೆ ಹಾಗಿದ್ದೀತು, ಈಗ ಹಾಗಿಲ್ಲ. ಐಬಸ್ ಎಂಬ ಕೀಲಿಮಣೆ ವ್ಯವಸ್ಥೆಯಲ್ಲಿ ಕನ್ನಡವನ್ನು ಸೇರಿಸಿಕೊಂಡರೆ ಭಾರತೀಯ ಭಾಷೆಗಳಿಗೆಂದು ರೂಪಿಸಿದ ವಿನ್ಯಾಸವಾದ ಇನ್‌ಸ್ಕ್ರಿಪ್ಟ್ ಇದೆ, ಲಿಪ್ಯಂತರದ ವಿನ್ಯಾಸವಿದೆ, ಎಲ್ಲಕ್ಕಿಂತ ಮುಖ್ಯವಾಗಿ ‘ಕೆಜಿಪಿ’ ಎಂಬ ಹೆಸರಿನಲ್ಲಿ ನುಡಿಯ ಕೀಲಿಮಣೆ ವಿನ್ಯಾಸವೇ ಇದೆ. ನುಡಿಯಲ್ಲಿ ಕೈ ಪಳಗಿದವರು ಒಂದು ಬೆರಳನ್ನೂ ಬೇರೆ ಕಡೆ ಇಡಬೇಕಾಗಿಲ್ಲ. ಲೋಹಿತ್ ಕನ್ನಡ, ನೋಟೊ, ಗುಬ್ಬಿ, ನವಿಲು ಫಾಂಟುಗಳು ಉಚಿತವಾಗಿ ಸಿಗುತ್ತವೆ.

ಮ್ಯಾಕ್ ಬಗ್ಗೆ ಬಹಳ ಹೇಳುವುದಿಲ್ಲ. ಅದು ಆ್ಯಪಲ್ ಯಂತ್ರಗಳಿಗೆ ಮಾತ್ರ ಮೀಸಲಾದ ವ್ಯವಸ್ಥೆ, ಒಳ್ಳೆಯ ವ್ಯವಸ್ಥೆ. ಆದರೆ ಈಗಾಗಲೇ ಇರುವ ಯಂತ್ರದ ಪ್ರಶ್ನೆಗೆ ಅದು ಉತ್ತರವಲ್ಲ. ಹಳೆಯ ಇಂಟೆಲ್ ಮ್ಯಾಕ್ ಕೊಳ್ಳಲು ಹೊರಟವರು ಒಂದನ್ನು ತಿಳಿದಿರಬೇಕು: ಮ್ಯಾಕ್‌ಓಎಸ್ 26 ಇಂಟೆಲ್ ಯಂತ್ರಗಳಿಗೆ ಸಿಗುವ ಕೊನೆಯ ಆವೃತ್ತಿ ಎಂದು ಆ್ಯಪಲ್ 2025ರಲ್ಲಿಯೇ ತಿಳಿಸಿದೆ.

ಬದಲಿಸುವ ಮೊದಲು ಮಾಡಬೇಕಾದದ್ದರಲ್ಲಿ ಎರಡು ಸಂಗತಿಗಳನ್ನು ಒತ್ತಿ ಹೇಳುತ್ತೇನೆ. ಮೊದಲನೆಯದು, ಕಡತಗಳ ಪ್ರತಿಯನ್ನು ಬೇರೊಂದು ಡಿಸ್ಕಿಗೆ ತೆಗೆದುಕೊಂಡು, ಆ ಪ್ರತಿಯನ್ನು ಇನ್ನೊಂದು ಯಂತ್ರದಲ್ಲಿ ತೆರೆದು ನೋಡುವುದು. ತೆರೆದು ನೋಡದ ಪ್ರತಿಯನ್ನು ಪ್ರತಿಯೆಂದು ಎಣಿಸಬಾರದು. ಎರಡನೆಯದು, ಡಿಸ್ಕನ್ನು ಗೂಢಲಿಪಿಗೆ ಬದಲಿಸಿ ಬೀಗ ಹಾಕುವ ವಿಂಡೋಸಿನ ವ್ಯವಸ್ಥೆಯಾದ ಬಿಟ್‌ಲಾಕರ್. ವಿಂಡೋಸ್ 11ರ 2024ರ ಆವೃತ್ತಿಯಿಂದ ಈಚೆಗೆ, ಮೈಕ್ರೋಸಾಫ್ಟ್ ಖಾತೆಯೊಂದಿಗೆ ಹೊಸದಾಗಿ ಸಿದ್ಧಪಡಿಸಿದ ಬಹುತೇಕ ಯಂತ್ರಗಳಲ್ಲಿ ಡಿಸ್ಕ್ ತಾನಾಗಿಯೇ ಗೂಢಲಿಪಿಗೆ ಒಳಗಾಗಿರುತ್ತದೆ. ಪಕ್ಕದಲ್ಲಿ ಲಿನಕ್ಸ್ ಹಾಕಲು ಬೂಟ್ ವ್ಯವಸ್ಥೆಯನ್ನು ಮುಟ್ಟಿದಾಗ ಅದು 48 ಅಂಕಿಗಳ ಕೀಲಿಯನ್ನು ಕೇಳಬಹುದು. ಆ ಕೀಲಿ ಇರುವುದು ಯಾವ ಖಾತೆಯಿಂದ ಯಂತ್ರವನ್ನು ಸಿದ್ಧಪಡಿಸಲಾಯಿತೋ ಆ ಮೈಕ್ರೋಸಾಫ್ಟ್ ಖಾತೆಯಲ್ಲಿ. ಅಂಗಡಿಯವರು ತಮ್ಮ ಇಮೇಲ್ ಕೊಟ್ಟು ಸಿದ್ಧಪಡಿಸಿದ್ದರೆ ಕೀಲಿಯೂ ಅವರ ಖಾತೆಯಲ್ಲಿಯೇ ಉಳಿದಿರುತ್ತದೆ. ಲ್ಯಾಪ್‌ಟಾಪ್ ಕೊಂಡ ದಿನವೇ ನಿಮ್ಮ ಸ್ವಂತ ಖಾತೆಯಿಂದ ಅದನ್ನು ತೆರೆದು, ಕೀಲಿಯನ್ನು ಕಾಗದದ ಮೇಲೆ ಬರೆದು, ಮನೆಯ ಕಾಗದಪತ್ರಗಳ ಜೊತೆ ಇಡಿ.

ಯಂತ್ರ ನಿಧಾನವಾಗಿದೆ ಎಂಬ ದೂರಿಗೆ ಆಪರೇಟಿಂಗ್ ಸಿಸ್ಟಮ್ ಬದಲಿಸುವುದಕ್ಕಿಂತ, ತಿರುಗುವ ಹಾರ್ಡ್‌ಡಿಸ್ಕನ್ನು ತೆಗೆದು ತಿರುಗುವ ಭಾಗಗಳಿಲ್ಲದ, ವೇಗದ ಎಸ್‌ಎಸ್‌ಡಿ ಹಾಕುವುದೇ ಎಷ್ಟೋ ಸಲ ದೊಡ್ಡ ಪರಿಹಾರ. ಹಳೆಯ ಡಿಸ್ಕ್ ಹಾಗೆಯೇ ಪ್ರತಿಯಾಗಿ ಉಳಿಯುವುದೂ ಒಂದು ಅನುಕೂಲ.

ಕೆಟ್ಟರೆ ಸರಿಮಾಡುವವರು ಯಾರು ಎಂಬುದು ಕೊನೆಯ ಪ್ರಶ್ನೆ, ಹಾಗೂ ನನ್ನ ಮಟ್ಟಿಗೆ ಬಹಳ ಭಾರವಾದ ಪ್ರಶ್ನೆ. ವಿಂಡೋಸ್ ಬಲ್ಲ ಹುಡುಗರು ಪ್ರತಿ ತಾಲ್ಲೂಕಿನಲ್ಲಿದ್ದಾರೆ, ಲಿನಕ್ಸ್ ಬಲ್ಲವರು ಅಷ್ಟಿಲ್ಲ. ಕೇರಳ ತನ್ನ ಸರಕಾರಿ ಶಾಲೆಗಳಲ್ಲಿ ಮುಕ್ತ ತಂತ್ರಾಂಶವನ್ನು ನೆಲೆಗೊಳಿಸಿದಾಗ ಯಂತ್ರಗಳ ಜೊತೆಗೆ ಶಿಕ್ಷಕರಿಗೂ ವ್ಯವಸ್ಥಿತ ತರಬೇತಿ ಕೊಟ್ಟಿತು, ಅದರಿಂದಲೇ ಅದು ಉಳಿಯಿತು. ನಮ್ಮಲ್ಲಿ ಯಾರೋ ಉತ್ಸಾಹಿಗಳು ಶಾಲೆಯ ಪ್ರಯೋಗಾಲಯಕ್ಕೆ ಲಿನಕ್ಸ್ ಹಾಕಿ ಹೋಗುತ್ತಾರೆ, ಆರು ತಿಂಗಳಲ್ಲಿ ಪಾಸ್‌ವರ್ಡ್ ಯಾರಿಗೂ ನೆನಪಿರುವುದಿಲ್ಲ, ಯಂತ್ರಗಳ ಮೇಲೆ ಬಟ್ಟೆ ಮುಚ್ಚಿರುತ್ತದೆ. ಇದು ನನಗೆ ನೋವಿನ ಸಂಗತಿ. ಒಂದು ಶಾಲೆಯಲ್ಲಿ ಕನಿಷ್ಠ ಇಬ್ಬರು ಶಿಕ್ಷಕರು ತಾವೇ ಪೆನ್‌ಡ್ರೈವಿನಿಂದ ವ್ಯವಸ್ಥೆಯನ್ನು ಮರುಸ್ಥಾಪಿಸುವಷ್ಟು ಕಲಿತ ಮೇಲೆಯೇ ಅಲ್ಲಿ ಬದಲಾವಣೆ ಮಾಡಬೇಕು. ಹುಬ್ಬಳ್ಳಿ-ಧಾರವಾಡದಲ್ಲಿ ಇಷ್ಟೊಂದು ಎಂಜಿನಿಯರಿಂಗ್ ಕಾಲೇಜುಗಳಿವೆ, ಐಐಟಿಯಿದೆ, ಐಐಐಟಿಯಿದೆ. ಅಲ್ಲಿಯ ವಿದ್ಯಾರ್ಥಿಗಳು ವರ್ಷಕ್ಕೊಂದು ಶಾಲೆಯ ಶಿಕ್ಷಕರಿಗೆ ಇಷ್ಟನ್ನು ಕಲಿಸಿಕೊಟ್ಟರೆ ಅದು ದೊಡ್ಡ ಉಪಕಾರವಾದೀತು.

ಉಪನ್ಯಾಸದ ನಂತರ ಹಾವೇರಿಯ ಕಡೆಯ ಶಿಕ್ಷಕಿಯೊಬ್ಬರು ತಮ್ಮ ಹಳೆಯ ಲೇಸರ್ ಪ್ರಿಂಟರ್ ಲಿನಕ್ಸಿನಲ್ಲಿ ನಡೆಯುವುದೇ ಎಂದು ಕೇಳಿದರು. ಪ್ರಶ್ನೆ ಬಹಳ ಯೋಗ್ಯವಾದದ್ದು. ನಮ್ಮ ಅಂಗಡಿ-ಶಾಲೆಗಳಲ್ಲಿ ಇರುವ ಕೆಲವು ಹಳೆಯ ಪ್ರಿಂಟರುಗಳು ತಯಾರಕರ ಸ್ವಂತ ಡ್ರೈವರನ್ನೇ ಅವಲಂಬಿಸಿರುವುದರಿಂದ ಲಿನಕ್ಸಿನಲ್ಲಿ ತೊಡಕು ಮಾಡುತ್ತವೆ. ಡಿಜಿಟಲ್ ಸಹಿಯ ಟೋಕನ್ ಮತ್ತು ಬೆರಳಚ್ಚಿನ ಯಂತ್ರಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಊಹಿಸುತ್ತ ಕೂರುವ ಅಗತ್ಯವಿಲ್ಲ. 8 ಜಿಬಿ ಪೆನ್‌ಡ್ರೈವಿಗೆ ಮಿಂಟ್ ಬರೆದುಕೊಂಡು, ಡಿಸ್ಕಿನಲ್ಲಿ ಏನನ್ನೂ ಬದಲಿಸದೆ, ಪೆನ್‌ಡ್ರೈವಿನಿಂದಲೇ ಯಂತ್ರವನ್ನು ಚಾಲೂ ಮಾಡಬಹುದು. ಪ್ರಿಂಟರಿಗೆ ಒಂದು ಪುಟ ಕಳುಹಿಸಿ, ವೈಫೈ ಹಿಡಿಯುತ್ತದೆಯೇ ನೋಡಿ, ಸ್ಪೀಕರ್ ಮತ್ತು ಕ್ಯಾಮೆರಾ ಪರೀಕ್ಷಿಸಿ, ನಿಮ್ಮದೇ ಒಂದು ಪ್ರಶ್ನೆಪತ್ರಿಕೆಯನ್ನು ತೆರೆದು ಒತ್ತಕ್ಷರಗಳು ನೆಟ್ಟಗಿವೆಯೇ ಎಂದು ಓದಿ. ಪೆನ್‌ಡ್ರೈವಿನಿಂದ ನಡೆಯುವಾಗ ಸ್ವಲ್ಪ ನಿಧಾನವಾಗಿರುತ್ತದೆ, ಅದರಿಂದ ವೇಗವನ್ನು ಅಳೆಯಬಾರದು. ಇವೆಲ್ಲ ಸರಿಬಂದರೆ ಬೇಸಿಗೆ ರಜೆಯಲ್ಲಿ ಹಾಕಿಕೊಳ್ಳಿ, ಪರೀಕ್ಷೆಯ ತಿಂಗಳಲ್ಲಿ ಬೇಡ ಎಂದು ಅವರಿಗೆ ಹೇಳಿದೆ.